ಹಳೆಯ ಮನೆಯ ದುರಸ್ತಿ: ಸುಣ್ಣ, ಸಿಮೆಂಟು ಮತ್ತು ನೀರು

ಶಿವಮೊಗ್ಗೆಯ ಕೋಟೆಯ ಆಸುಪಾಸಿನ ಹಳೆಯ ಬೀದಿಗಳಲ್ಲಿ ಮಂಗಳೂರು ಹೆಂಚಿನ ಮಾಡು, ಮರದ ಕಂಬಗಳು, ಮೊಳದಷ್ಟು ದಪ್ಪದ ಮಣ್ಣಿನ ಗೋಡೆ, ಎದುರಿಗೊಂದು ಜಗಲಿ ಇರುವ ಮನೆಗಳು ಇಂದಿಗೂ ಅಲ್ಲಲ್ಲಿ ಉಳಿದುಕೊಂಡಿವೆ. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿ ಭದ್ರಾವತಿಯಿದೆ. ಹಿಂದೆ ಬೆಂಕಿಪುರವೆಂಬ ಹೆಸರಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಕೆಲಸಕ್ಕೆ ತೊಡಗಿತು; ೧೯೩೦ರ ದಶಕ ಮುಗಿಯುವುದರೊಳಗೆ ಅಲ್ಲಿಯೇ ಸಿಮೆಂಟಿನ ತಯಾರಿಕೆಯೂ ಆರಂಭವಾಯಿತು. ಆ ಕಾಲಕ್ಕೆ ಮೊದಲು ನಮ್ಮ ಸೀಮೆಯಲ್ಲಿ ಕಟ್ಟಿದ ಮನೆ ಬಹುಮಟ್ಟಿಗೆ ಮಣ್ಣು, ಕಲ್ಲು, ಮರ, ಸುಣ್ಣಗಳ ಮನೆ. ಅನಂತರ ಕಟ್ಟಿದ್ದು ಕ್ರಮೇಣ ಕಬ್ಬಿಣ, ಸಿಮೆಂಟುಗಳ ಮನೆ. ಹೀಗೆ ಒಂದೇ ಜಿಲ್ಲೆಯ ಎರಡು ಊರುಗಳು ಗೃಹನಿರ್ಮಾಣದ ಎರಡು ಯುಗಗಳನ್ನು ನೆನಪಿಗೆ ತರುತ್ತವೆ.

ಹಳೆಯ ಯುಗದ ಮನೆಯೊಂದು ಪಾಲಿಗೆ ಬಂದ ಸಂಸಾರವು ಮುಂದೇನು ಮಾಡಬೇಕು? ಕೆಡವಿ ಹೊಸದಾಗಿ ಕಟ್ಟಲು ಕೈಯಲ್ಲಿ ಹಣವಿಲ್ಲ. ಹಾಗೆಯೇ ಬಿಟ್ಟರೆ ಇನ್ನು ಕೆಲವು ಮಳೆಗಾಲಗಳನ್ನು ಮನೆ ತಡೆಯಲಾರದು. ಉಳಿಯುವುದು ದುರಸ್ತಿಯ ದಾರಿ. ಅದರಲ್ಲಿಯೂ ಹೆಚ್ಚಿನವರು ಹಿಡಿಯುವ ದಾರಿಯೆಂದರೆ ಉದುರುತ್ತಿರುವ ಗೋಡೆಗೆ ಸಿಮೆಂಟಿನ ಗಿಲಾವು ಬಳಿದು, ಮೇಲೆ ಹೊಳೆಯುವ ಬಣ್ಣ ಹಚ್ಚುವುದು. ಮೊದಲ ವರ್ಷ ಮನೆ ಹೊಸದರಂತೆ ಕಾಣುತ್ತದೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಉಬ್ಬುತ್ತದೆ, ಗಿಲಾವು ಹಲಗೆ ಹಲಗೆಯಾಗಿ ಕಳಚುತ್ತದೆ, ಅದರೊಡನೆ ಹಳೆಯ ಗೋಡೆಯ ಮಣ್ಣೂ ಕಿತ್ತುಬರುತ್ತದೆ. ಕೂಡಿಟ್ಟ ಹಣವೂ ಹೋಯಿತು, ಗೋಡೆಯೂ ಹೋಯಿತು. ಹೀಗೇಕೆ ಆಗುತ್ತದೆ? ಸಿಮೆಂಟು ಸುಣ್ಣಕ್ಕಿಂತ ಗಟ್ಟಿಯಾದ ವಸ್ತುವಲ್ಲವೆ? ಈ ಪ್ರಶ್ನೆಗೆ ಉತ್ತರ ಪ್ರೌಢಶಾಲೆಯ ಭೌತವಿಜ್ಞಾನದ ಪಾಠಗಳಲ್ಲಿಯೇ ಇದೆ. ಅದನ್ನು ಅರಿತರೆ ಯಾವ ಕೆಲಸಕ್ಕೆ ಹಣ ಬೇಕು, ಯಾವ ಕೆಲಸಕ್ಕೆ ಮನೆಮಂದಿಯ ಕೈ ಸಾಕು ಎಂಬುದೂ ತಿಳಿಯುತ್ತದೆ.

ಸುಣ್ಣದ ಚಕ್ರ

ಮೊದಲು ಸುಣ್ಣವನ್ನು ನೋಡೋಣ. ಸುಣ್ಣಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡು ಹೊರಟುಹೋಗುತ್ತದೆ. ೧೦೦ ಕಿಲೋಗ್ರಾಂ ಶುದ್ಧವಾದ ಸುಣ್ಣಕಲ್ಲಿನಿಂದ ೪೪ ಕಿಲೋಗ್ರಾಂ ಅನಿಲ ಹೋಗಿ ೫೬ ಕಿಲೋಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಹಾಕಿದಾಗ ೧೮ ಕಿಲೋಗ್ರಾಂ ನೀರು ರಾಸಾಯನಿಕವಾಗಿ ಕೂಡಿಕೊಂಡು ೭೪ ಕಿಲೋಗ್ರಾಂ ಅರಳಿದ ಸುಣ್ಣ ದೊರೆಯುತ್ತದೆ. ಈ ಸುಣ್ಣವನ್ನು ಮರಳಿನೊಡನೆ ಕಲಸಿ ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು, ಸೇರಿಸಿಕೊಂಡಿದ್ದ ನೀರನ್ನು ಬಿಟ್ಟುಕೊಟ್ಟು, ಮತ್ತೆ ೧೦೦ ಕಿಲೋಗ್ರಾಂ ಸುಣ್ಣಕಲ್ಲಾಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಮರಳಿ ಪಡೆಯಿತೆಂದು ಹೇಳಬಹುದು.

ಈ ಕೊನೆಯ ಹೆಜ್ಜೆ ಬಹಳ ನಿಧಾನ. ಅನಿಲವು ಗಿಲಾವಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಕ್ಕೆ ಸಾಗಬೇಕು. ಒಳಹೋದಷ್ಟೂ ದಾರಿ ಉದ್ದವಾಗುತ್ತದೆ. ಆದ್ದರಿಂದ ಗಟ್ಟಿಯಾದ ಭಾಗದ ಆಳವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಮೊದಲ ತಿಂಗಳಲ್ಲಿ ಒಂದು ಆಳಕ್ಕೆ ಹೋದರೆ, ಅದರ ಇಮ್ಮಡಿ ಆಳಕ್ಕೆ ಹೋಗಲು ನಾಲ್ಕು ತಿಂಗಳು, ಮುಮ್ಮಡಿಗೆ ಒಂಬತ್ತು ತಿಂಗಳು ಬೇಕು. ಹಳೆಯ ಗಾರೆಯವರು ಒಂದೇ ಸಲಕ್ಕೆ ದಪ್ಪನಾಗಿ ಬಳಿಯದೆ, ತೆಳುವಾದ ಪದರದ ಮೇಲೆ ಪದರವನ್ನು ದಿನಗಳ ಅಂತರದಲ್ಲಿ ಬಳಿಯುತ್ತಿದ್ದುದು ಇದೇ ಕಾರಣದಿಂದ. ಸುಣ್ಣವು ಕೇಳುವುದು ಕಾಲವನ್ನು. ಕೂಲಿಯ ಲೆಕ್ಕದಲ್ಲಿ ಕೆಲಸ ಮಾಡಿಸುವವನಿಗೆ ಅದು ದುಬಾರಿ, ತಮ್ಮ ಮನೆಯಲ್ಲಿ ತಾವೇ ದುಡಿಯುವವರಿಗೆ ಅಗ್ಗ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸುಣ್ಣದ ಗಾರೆಗೆ ಇಟ್ಟಿಗೆಯ ಪುಡಿಯನ್ನು, ಎಂದರೆ ಸುರ್ಕಿಯನ್ನು, ಸೇರಿಸುವ ಪದ್ಧತಿಯೂ ಇತ್ತು. ಹದವಾಗಿ ಸುಟ್ಟ ಜೇಡಿಮಣ್ಣಿನ ನುಣ್ಣನೆಯ ಪುಡಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾಗಳು ಸುಣ್ಣದೊಡನೆ ಕೂಡಿ, ನೀರಿನಲ್ಲಿಯೂ ಗಟ್ಟಿಯಾಗುವ ಸಂಯುಕ್ತಗಳನ್ನು ಕೊಡುತ್ತವೆ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಟ್ಟಿದ್ದು ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ. ಕಾವೇರಿಯನ್ನೇ ತಡೆದು ನಿಲ್ಲಿಸಿದ ಗಾರೆಯನ್ನು ದುರ್ಬಲವೆಂದು ಯಾರೂ ಹೇಳಲಾರರು.

ನೀರು ಗೋಡೆಯನ್ನು ಏರುವ ಬಗೆ

ಹಳೆಯ ಮನೆಯ ನಿಜವಾದ ಶತ್ರು ವಯಸ್ಸಲ್ಲ, ನೀರು. ಅದು ಮೂರು ದಾರಿಗಳಿಂದ ಬರುತ್ತದೆ: ಮೇಲಿನಿಂದ ಸೋರಿ, ಪಕ್ಕದಿಂದ ಎರಚಲು ಹೊಡೆದು, ಕೆಳಗಿನಿಂದ ಏರಿ. ಮೊದಲೆರಡು ಕಣ್ಣಿಗೆ ಕಾಣುತ್ತವೆ. ಮೂರನೆಯದು ಕಾಣುವುದಿಲ್ಲವಾದ್ದರಿಂದ ಹೆಚ್ಚು ಅಪಾಯಕರ.

ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಸೂಕ್ಷ್ಮ ರಂಧ್ರಗಳುಳ್ಳ ಗೋಡೆಯಲ್ಲಿ ನೆಲದ ನೀರು ಏರುತ್ತದೆ. ಇದೇ ಕೇಶಾಕರ್ಷಣೆ. ರಂಧ್ರ ಕಿರಿದಾದಷ್ಟೂ ಏರಿಕೆ ಹೆಚ್ಚು. ನೀರಿನ ಮೇಲ್ಮೈ ಎಳೆತದ ಬೆಲೆಯನ್ನು ಹಿಡಿದು ಲೆಕ್ಕ ಹಾಕಿದರೆ, ಒಂದು ಮಿಲಿಮೀಟರು ತ್ರಿಜ್ಯದ ಕೊಳವೆಯಲ್ಲಿ ನೀರು ಸುಮಾರು ಒಂದೂವರೆ ಸೆಂಟಿಮೀಟರು ಏರುತ್ತದೆ. ಹತ್ತನೆಯ ಒಂದು ಮಿಲಿಮೀಟರಿನ ಕೊಳವೆಯಲ್ಲಿ ಸುಮಾರು ೧೫ ಸೆಂಟಿಮೀಟರು. ನೂರನೆಯ ಒಂದು ಮಿಲಿಮೀಟರಿನ ರಂಧ್ರದಲ್ಲಿ ಸುಮಾರು ಒಂದೂವರೆ ಮೀಟರು! ಮಣ್ಣು, ಇಟ್ಟಿಗೆ, ಗಾರೆಗಳಲ್ಲಿ ಇಂಥ ರಂಧ್ರಗಳಿಗೆ ಬರವಿಲ್ಲ.

ಹಾಗಾದರೆ ಹಳೆಯ ಮನೆಗಳೆಲ್ಲ ಎಂದೋ ಕರಗಿಹೋಗಬೇಕಾಗಿತ್ತು. ಹೋಗಲಿಲ್ಲವೇಕೆ? ಏರುವ ನೀರು ಏರುತ್ತಿರುವಾಗಲೇ ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿತ್ತು. ಸುಣ್ಣದ ಗಿಲಾವೂ ಅದರ ಮೇಲೆ ಬಳಿದ ಸುಣ್ಣವೂ ರಂಧ್ರಮಯವಾದವು. ಅವು ಆವಿಯನ್ನು ತಡೆಯುವುದಿಲ್ಲ. ಬುಡದಿಂದ ಬರುವ ನೀರೂ ಮೈಯಿಂದ ಹೋಗುವ ಆವಿಯೂ ಒಂದು ಎತ್ತರದಲ್ಲಿ ಸರಿತೂಗುತ್ತವೆ. ಆ ಎತ್ತರ ನೆಲದಿಂದ ಒಂದೆರಡು ಗೇಣು ಮಾತ್ರವಿದ್ದರೆ ಗೋಡೆಗೆ ಅಪಾಯವಿಲ್ಲ.

ಈಗ ಈ ಗೋಡೆಗೆ ಎರಡೂ ಕಡೆ ಒತ್ತಾದ ಸಿಮೆಂಟಿನ ಗಿಲಾವು ಬಳಿದು, ಮೇಲೆ ಎಣ್ಣೆಬಣ್ಣ ಹಚ್ಚಿದೆವೆನ್ನಿ. ಕೆಳಗಿನಿಂದ ಬರುವ ನೀರು ನಿಲ್ಲಲಿಲ್ಲ. ಹೊರಹೋಗುವ ದಾರಿ ಮಾತ್ರ ಮುಚ್ಚಿತು. ಸಮತೋಲನ ತಪ್ಪಿ ತೇವವು ಇನ್ನೂ ಮೇಲಕ್ಕೆ ಏರುತ್ತದೆ. ಗೋಡೆಯ ಒಳಗೆ ಸಿಕ್ಕಿಬಿದ್ದ ನೀರು ಎಲ್ಲಿ ಬಿರುಕು ಸಿಕ್ಕಿದರೆ ಅಲ್ಲಿ ಹೊರಡುತ್ತದೆ. ಹೋಗುವಾಗ ಅದು ನೆಲದಿಂದ ಕರಗಿಸಿ ತಂದ ಲವಣಗಳನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ರಂಧ್ರಗಳೊಳಗೆ ಹರಳುಗಟ್ಟುವ ಈ ಲವಣಗಳು ತಮ್ಮ ಸುತ್ತಲಿನ ಮಣ್ಣನ್ನು ನೂಕುತ್ತವೆ. ಗಿಲಾವಿನ ಹಿಂದೆ ಮಣ್ಣು ಪುಡಿಪುಡಿಯಾಗುತ್ತದೆ. ಮೇಲಾಗಿ, ಒಣಗಿದಾಗ ಭಾರ ಹೊರುವ ಮಣ್ಣಿನ ಗೋಡೆ ನೆನೆದಾಗ ತನ್ನ ಬಲದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಗಟ್ಟಿ ಗೋಡೆ, ಒಳಗೆ ಕೆಸರು! ಮಳೆಗಾಲದ ನಡುರಾತ್ರಿಯಲ್ಲಿ ಗೋಡೆ ಕುಸಿಯಿತೆಂಬ ಸುದ್ದಿ ಪ್ರತಿವರ್ಷವೂ ಬರುವ ಮಲೆನಾಡಿನಲ್ಲಿ ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ.

ಇನ್ನೊಂದು ಭೇದವೂ ಉಂಟು. ಸಿಮೆಂಟಿನ ಗಿಲಾವು ಗಟ್ಟಿ, ಆದರೆ ಬಗ್ಗದು. ಮಣ್ಣಿನ ಗೋಡೆ ಋತುಮಾನಕ್ಕೆ ತಕ್ಕಂತೆ ಅಲ್ಪಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಮೆತ್ತಗಿನ ವಸ್ತುವಿನ ಮೇಲೆ ಬಿರುಸಾದ ಹಲ್ಲೆಯನ್ನು ಅಂಟಿಸಿದರೆ ಎರಡರ ಚಲನೆ ಹೊಂದಿಕೊಳ್ಳದೆ ಬೆಸುಗೆ ಬಿಡುತ್ತದೆ. ಸುಣ್ಣದ ಗಿಲಾವು ಅಷ್ಟು ಬಿರುಸಲ್ಲವಾದ್ದರಿಂದ ಗೋಡೆಯೊಡನೆ ಹೊಂದಿಕೊಂಡು ಹೋಗುತ್ತದೆ. ಹೊದಿಕೆಯು ಒಳಗಿನ ಗೋಡೆಗಿಂತ ಮೃದುವಾಗಿರಬೇಕು ಎಂಬುದು ದುರಸ್ತಿಯ ಮೊದಲನೆಯ ಸೂತ್ರ.

ಸಿಮೆಂಟಿಗೂ ಒಂದು ಸ್ಥಾನ

ಇಷ್ಟು ಹೇಳಿದ್ದರಿಂದ ಸಿಮೆಂಟು ಕೆಟ್ಟ ವಸ್ತುವೆಂದು ಓದುಗರು ತಿಳಿಯಬಾರದು. ಅದೂ ಸುಣ್ಣಕಲ್ಲಿನ ಮಗುವೇ. ಸುಣ್ಣಕಲ್ಲು ಮತ್ತು ಜೇಡಿಮಣ್ಣುಗಳನ್ನು ಸುಮಾರು ೧೪೫೦ ಡಿಗ್ರಿಯವರೆಗೆ ಸುಟ್ಟು, ಬಂದ ಗಟ್ಟಿಗಳನ್ನು ಸ್ವಲ್ಪ ಜಿಪ್ಸಮ್ಮಿನೊಡನೆ ಅರೆದರೆ ಸಿಮೆಂಟು. ಅದು ಗಟ್ಟಿಯಾಗುವುದು ಗಾಳಿಯಿಂದಲ್ಲ, ನೀರಿನೊಡನೆ ನಡೆಯುವ ಕ್ರಿಯೆಯಿಂದ; ಆದ್ದರಿಂದ ಕೆಲವು ಗಂಟೆಗಳಲ್ಲಿ ಬಿಗಿದು ಕೆಲವು ವಾರಗಳಲ್ಲಿ ಬಲ ಪಡೆಯುತ್ತದೆ. ಭದ್ರಾವತಿಯ ಊದುಕುಲುಮೆಯಲ್ಲಿಯೂ ಸುಣ್ಣಕಲ್ಲಿಗೆ ಕೆಲಸವಿತ್ತು. ಕೆಮ್ಮಣ್ಣುಗುಂಡಿಯ ಅದಿರಿನಲ್ಲಿದ್ದ ಬೇಡವಾದ ಮಣ್ಣಿನ ಅಂಶವನ್ನು ಭಂಡಿಗುಡ್ಡದ ಸುಣ್ಣಕಲ್ಲು ತನ್ನೊಡನೆ ಕೂಡಿಸಿಕೊಂಡು ಕಿಟ್ಟವಾಗಿ ಹೊರಬರುತ್ತಿತ್ತು. ಊದುಕುಲುಮೆಯ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ತಣಿಸಿ ಅರೆದರೆ ಅದೂ ಸಿಮೆಂಟಿನ ಒಂದು ಅಂಗವಾಗುತ್ತದೆ. ಒಂದೇ ಕಲ್ಲು ಗೋಡೆಗೆ ಸುಣ್ಣವಾಗಿ, ಕುಲುಮೆಗೆ ಕಿಟ್ಟವಾಗಿ, ಅಡಿಪಾಯಕ್ಕೆ ಸಿಮೆಂಟಾಗಿ ಬರುವುದು ಸ್ವಾರಸ್ಯವಾದ ಸಂಗತಿ.

ಹಳೆಯ ಮನೆಯಲ್ಲಿ ಸಿಮೆಂಟಿಗೆ ಯೋಗ್ಯವಾದ ಸ್ಥಳಗಳಿವೆ: ಬಚ್ಚಲುಮನೆ, ನೀರಿನ ತೊಟ್ಟಿ, ಹೊರಗಿನ ಚರಂಡಿ. ಬಿದ್ದುಹೋದ ಗೋಡೆಯ ಭಾಗವನ್ನು ಮತ್ತೆ ಕಟ್ಟುವುದಕ್ಕೂ ಅಲ್ಪ ಪ್ರಮಾಣದ ಸಿಮೆಂಟು ನೆರವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ, ಕೈಯಂತ್ರದಿಂದ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆ ತಯಾರಿಸುವ ವಿಧಾನವನ್ನು ಬೆಳಸಿ ಹರಡಿತು. ಅಂಥ ಇಟ್ಟಿಗೆ ಹಳೆಯ ಮಣ್ಣಿನ ಗೋಡೆಗೆ ಒಳ್ಳೆಯ ಜೊತೆಗಾರ.

ಎಚ್ಚರದ ಮಾತೊಂದನ್ನು ಇಲ್ಲಿ ಸೇರಿಸಬೇಕು. ಹಿಂದಿನವರು ಸುಣ್ಣದ ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಹಾಕುತ್ತಿದ್ದರು. ಸಕ್ಕರೆಯ ದ್ರಾವಣದಲ್ಲಿ ಸುಣ್ಣ ಬರಿಯ ನೀರಿಗಿಂತ ಹೆಚ್ಚಾಗಿ ಕರಗುವುದರಿಂದ ಸುಣ್ಣಕ್ಕೆ ಬೆಲ್ಲ ಹಿತ. ಆದರೆ ಅದೇ ಬೆಲ್ಲ ಸಿಮೆಂಟಿಗೆ ವಿಷ. ಅತ್ಯಲ್ಪವಾಗಿ ಬೆರೆತರೂ ಸಿಮೆಂಟು ಹೊತ್ತಿಗೆ ಸರಿಯಾಗಿ ಬಿಗಿಯದು. ಎರಡು ಗಾರೆಗಳಿಗೆ ಒಂದೇ ಪಾತ್ರೆಯನ್ನು ಬಳಸಕೂಡದು.

ಮಾಡಿನ ತೂಕ

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹೆಂಚು ನಮ್ಮ ಮನೆಗಳ ಮಾಡನ್ನು ಆವರಿಸಿತು. ಒಂದು ಚದರ ಮೀಟರಿಗೆ ಸುಮಾರು ೧೫ ಹೆಂಚುಗಳು ಬೇಕು. ಒಂದರ ತೂಕ ಎರಡೂವರೆ ಕಿಲೋಗ್ರಾಂ ಎಂದು ಹಿಡಿದರೆ ಚದರ ಮೀಟರಿಗೆ ೩೭ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ನೂರು ಚದರ ಮೀಟರಿನ ಮಾಡಿಗೆ ಮೂರು ಮುಕ್ಕಾಲು ಟನ್ನು. ಹೆಂಚು ಮಳೆಯಲ್ಲಿ ನೀರು ಕುಡಿದು ಇನ್ನೂ ಭಾರವಾಗುತ್ತದೆ. ಅದು ತನ್ನ ತೂಕದ ಆರನೆಯ ಒಂದು ಪಾಲು ನೀರು ಹೀರಿದರೆ ಇನ್ನೂ ಆರು ನೂರು ಕಿಲೋಗ್ರಾಮಿಗೂ ಮೀರಿ ಹೊರೆ ಸೇರಿತು.

ಇದರ ಬದಲು ಹತ್ತು ಸೆಂಟಿಮೀಟರು ದಪ್ಪದ ಕಾಂಕ್ರೀಟಿನ ತಾರಸಿ ಹಾಕಿದರೆ ಚದರ ಮೀಟರಿಗೆ ೨೫೦ ಕಿಲೋಗ್ರಾಂ, ನೂರು ಚದರ ಮೀಟರಿಗೆ ೨೫ ಟನ್ನು. ಮೂರು ಮುಕ್ಕಾಲು ಟನ್ನಿಗಾಗಿ ಕಟ್ಟಿದ ಮಣ್ಣಿನ ಗೋಡೆಯ ಮೇಲೆ ೨೫ ಟನ್ನಿನ ಹೊರೆ! ಎಂಜಿನಿಯರರ ಪರೀಕ್ಷೆಯಿಲ್ಲದೆ ಹಳೆಯ ಗೋಡೆಯ ಮೇಲೆ ತಾರಸಿ ಹಾಕುವುದು ಎಷ್ಟು ಅಪಾಯವೆಂಬುದಕ್ಕೆ ಈ ಒಂದು ಲೆಕ್ಕವೇ ಸಾಕು. ಹೆಂಚಿನ ಮಾಡನ್ನು ಹೆಂಚಿನ ಮಾಡಾಗಿಯೇ ಉಳಿಸಿಕೊಳ್ಳುವುದು ಕಡಮೆ ಖರ್ಚಿನ ದಾರಿಯೂ ಹೌದು, ಕ್ಷೇಮದ ದಾರಿಯೂ ಹೌದು.

ಹೆಂಚನ್ನು ಹೊರುವ ಪಕಾಸಿಗಳ ವಿಷಯದಲ್ಲಿಯೂ ಒಂದು ಮಾತು. ಐದು ಸೆಂಟಿಮೀಟರು ಅಗಲ, ಹತ್ತು ಸೆಂಟಿಮೀಟರು ಎತ್ತರದ ತುಂಡನ್ನು ನೆಟ್ಟಗೆ ನಿಲ್ಲಿಸಿದರೆ, ಅದೇ ತುಂಡನ್ನು ಅಡ್ಡಲಾಗಿ ಮಲಗಿಸಿದಾಗಿನ ನಾಲ್ಕರಷ್ಟು ಬಿಗುವಾಗಿರುತ್ತದೆ. ಬಾಗುವಿಕೆಗೆ ತೋರುವ ಪ್ರತಿರೋಧವು ಅಗಲಕ್ಕೂ ಎತ್ತರದ ಘನಕ್ಕೂ ಅನುಗುಣವಾಗಿರುವುದೇ ಇದಕ್ಕೆ ಕಾರಣ. ವಿದ್ಯಾರ್ಥಿಗಳು ತಮ್ಮ ಅಳತೆಪಟ್ಟಿಯನ್ನು ಮೇಜಿನ ಅಂಚಿನಲ್ಲಿ ಎರಡು ಬಗೆಯಾಗಿ ಹಿಡಿದು ಒತ್ತಿ ನೋಡಿದರೆ ಇದು ಕೂಡಲೆ ತಿಳಿಯುತ್ತದೆ.

ಮನೆಮಂದಿಯ ಪಾಲು

ಶಿವಮೊಗ್ಗೆಯ ಹಳೆಯ ಬೀದಿಯೊಂದರಲ್ಲಿರುವ ನಮ್ಮ ಮನೆತನದ ಮನೆಯನ್ನು ಈ ತತ್ತ್ವಗಳ ಮೇಲೆಯೇ ಒಂದು ಬೇಸಗೆಯಲ್ಲಿ ದುರಸ್ತಿಮಾಡಿದೆವು. ವಯಸ್ಸಾದ ತಾಯಿಯವರು ಆ ಮನೆಯನ್ನು ಬಿಟ್ಟು ಬೇರೆ ಕಡೆ ಇರಲೊಪ್ಪಲಿಲ್ಲ. ಕೈಯಲ್ಲಿದ್ದ ಹಣ ಕೆಡವಿ ಕಟ್ಟಲು ಏನೇನೂ ಸಾಲದು. ಜೂನಿನ ಮೊದಲ ವಾರದ ಹೊತ್ತಿಗೆ ಮುಂಗಾರು ಬಂದೇಬರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗಂತೂ ಹೊತ್ತುಗೊತ್ತಿಲ್ಲ. ತೆರೆದ ಮಾಡಿನ ಕೆಳಗೆ ಮಣ್ಣಿನ ಗೋಡೆ ಒಂದೇ ಒಂದು ಜೋರುಮಳೆಗೆ ಸಿಕ್ಕಿದರೂ ದುರಸ್ತಿಯ ಮಾತೇ ಮುಗಿಯುತ್ತಿತ್ತು. ಆದುದರಿಂದ ಇಡೀ ಮಾಡನ್ನು ಒಮ್ಮೆಗೇ ಬಿಚ್ಚದೆ, ಒಂದೊಂದು ಇಳಿಜಾರನ್ನಾಗಿ ಬಿಚ್ಚಿ, ಮುಚ್ಚಿ, ಅನಂತರ ಮುಂದಿನದಕ್ಕೆ ಕೈಹಾಕಿದೆವು.

ಮೊದಲ ವಾರ ಯಾವ ಸಲಕರಣೆಯನ್ನೂ ಕೊಳ್ಳಲಿಲ್ಲ, ಮನೆಯನ್ನು ಪರೀಕ್ಷಿಸಿದೆವು. ಗೋಡೆಯ ಬಿರುಕುಗಳ ಮೇಲೆ ತೆಳುವಾದ ಗಾಜಿನ ಪಟ್ಟಿಗಳನ್ನು ಎರಡು ತುದಿಗಳಲ್ಲಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆದುದು ಮಕ್ಕಳ ಕೆಲಸ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ, ಎಂಜಿನಿಯರರನ್ನು ಕರೆಯಬೇಕು. ಒಡೆಯದಿದ್ದರೆ ಅದು ಹಳೆಯ ಗಾಯ, ತುಂಬಿದರೆ ಸಾಕು. ತೇವವಿದ್ದ ಗೋಡೆಯ ಮೇಲೆ ಒಂದು ಗೇಣು ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚುಗಳಲ್ಲಿಯೂ ಅಂಟಿಸಿ ಎರಡು ದಿನ ಬಿಟ್ಟೆವು. ಹನಿಗಳು ಹಾಳೆಯ ಒಳಮೈಯಲ್ಲಿ ಕೂಡಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕೂಡಿದರೆ ಅದು ಕೋಣೆಯ ಗಾಳಿಯಿಂದ ಬಂದ ತೇವ, ಕಿಟಕಿ ತೆರೆದಿಡುವುದೇ ಅದಕ್ಕೆ ಮದ್ದು.

ಹೆಂಚು ಇಳಿಸುವಾಗ ಕೂಲಿಯವರು ಮೇಲೆ, ಮನೆಮಂದಿ ಕೆಳಗೆ. ಹಳೆಯ ಪಕಾಸಿಗಳ ಮೇಲೆ ಅಭ್ಯಾಸವಿಲ್ಲದವರು ಹತ್ತಕೂಡದು. ಹತ್ತಿದವರೂ ಸೊಂಟಕ್ಕೆ ಹಗ್ಗ ಬಿಗಿದಿರಬೇಕು. ಇಳಿದ ಹೆಂಚುಗಳನ್ನು ಸಾಲಾಗಿ ಜೋಡಿಸಿ, ಪಾಚಿ ಉಜ್ಜಿ, ಒಂದೊಂದನ್ನೂ ಬೆರಳಗಂಟಿನಿಂದ ತಟ್ಟಿ ನೋಡಿದೆವು. ಗಟ್ಟಿ ಹೆಂಚು ಕಂಚಿನಂತೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ಮಂಕಾಗಿ ನುಡಿಯುತ್ತದೆ, ಏಕೆಂದರೆ ಬಿರುಕಿನ ಎರಡು ಮೈಗಳ ತಿಕ್ಕಾಟದಲ್ಲಿ ಕಂಪನದ ಶಕ್ತಿ ಬೇಗನೆ ನಷ್ಟವಾಗುತ್ತದೆ. ಅನುಮಾನವಿದ್ದ ಹೆಂಚುಗಳನ್ನು ಒಣಗಿದಾಗ ತೂಗಿ, ಒಂದು ದಿನ ನೀರಿನಲ್ಲಿ ನೆನೆಸಿ, ಮತ್ತೆ ತೂಗಿದೆವು. ತನ್ನ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ನೀರು ಕುಡಿದದ್ದನ್ನು ಮಾಡಿಗೆ ಏರಿಸಲಿಲ್ಲ. ಸಾವಿರದೆಂಟುನೂರು ಹೆಂಚುಗಳಲ್ಲಿ ಹೊಸದಾಗಿ ಕೊಂಡುತರಬೇಕಾದವು ಸುಮಾರು ಇನ್ನೂರು ಮಾತ್ರ.

ಜಗಲಿಯ ಕಂಬವೊಂದರ ಬುಡ ಕೊಳೆತಿತ್ತು. ಮರದಲ್ಲಿ ತೇವವು ಅದರ ಒಣತೂಕದ ನೂರಕ್ಕೆ ೨೦ನ್ನು ಮೀರಿದ ಸ್ಥಿತಿ ಬಹುಕಾಲ ನಿಂತರೆ ಕೊಳೆಸುವ ಶಿಲೀಂಧ್ರ ಬೆಳೆಯುತ್ತದೆ; ಆ ಕಾರಣದಿಂದಲೇ ಮಲೆನಾಡಿನವರು ಮುಂಡಿಗೆಯನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಸೋದರಮಾವನವರು ತಿರುಪಿನ ಜಾಕಿಯೊಂದನ್ನು ತಂದರು. ಅರ್ಧ ಮೀಟರು ಉದ್ದದ ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ಕೈ ಮೂರು ಮೀಟರಿಗೂ ಹೆಚ್ಚು ದೂರ ಚಲಿಸುತ್ತದೆ, ಜಾಕಿ ಏರುವುದು ಒಂದು ಸೆಂಟಿಮೀಟರು. ವೇಗದ ನಿಷ್ಪತ್ತಿ ೩೧೪. ಮುಕ್ಕಾಲು ಪಾಲು ಘರ್ಷಣೆಗೆ ಹೋದರೂ ಕೈಯ ಬಲ ಎಪ್ಪತ್ತೆಂಟು ಮಡಿಯಾಯಿತು. ಇಲ್ಲಿ ಘರ್ಷಣೆಯೂ ಮಿತ್ರನೇ. ಅದಿರುವುದರಿಂದಲೇ ಕೈಬಿಟ್ಟರೆ ಜಾಕಿ ತಾನಾಗಿ ಇಳಿಯುವುದಿಲ್ಲ. ಬಡಗಿಯ ಮೇಲ್ವಿಚಾರಣೆಯಲ್ಲಿ ತೊಲೆಯನ್ನು ಕೂದಲೆಳೆಯಷ್ಟು ಎತ್ತಿ, ಕೊಳೆತ ಬುಡವನ್ನು ಕೊಯ್ದು ತೆಗೆದು, ಕಲ್ಲಿನ ದಿಮ್ಮಿಯನ್ನು ಸೇರಿಸಲಾಯಿತು. ಕಂಬ ಉಳಿಯಿತು.

ಸುಣ್ಣ ಅರಳಿಸುವ ಕೆಲಸವನ್ನು ಮಾತ್ರ ಹಿರಿಯರೇ ಮಾಡಿದರು. ಒಂದು ಕಿಲೋಗ್ರಾಂ ಸುಟ್ಟ ಸುಣ್ಣ ಅರಳುವಾಗ ಹೊರಬೀಳುವ ಶಾಖವು ಸುಮಾರು ೧೧೫೦ ಕಿಲೋಜೂಲ್. ಮೂರು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ರಾಶಿಗೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಚೀಲ ಕಡ್ಡಾಯ. ಸುಣ್ಣದ ಹನಿ ಕಣ್ಣಿಗೆ ಬಿದ್ದರೆ ಒಡನೆಯೇ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರ ಬಳಿಗೆ ಹೋಗಬೇಕು. ಅರಳಿದ ಸುಣ್ಣವನ್ನು ಸೋಸಿ, ನೀರಿನಡಿಯಲ್ಲಿ ವಾರಗಟ್ಟಲೆ ಇಟ್ಟಷ್ಟೂ ಬೆಣ್ಣೆಯಂತೆ ನುಣ್ಣಗಾಗುತ್ತದೆ. ಎಷ್ಟು ದಿನ ಇಡಬೇಕು, ಕರಣೆಗೆ ಹೇಗೆ ಅಂಟಿದರೆ ಹದ ಎಂಬುದನ್ನೆಲ್ಲ ತಾಯಿಯವರು ಜಗಲಿಯಲ್ಲಿ ಕುಳಿತೇ ಹೇಳಿಕೊಟ್ಟರು. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು. ಗಾರೆಯವರೊಬ್ಬರು ಮೊದಲ ಗೋಡೆಯನ್ನು ಮುಗಿಸಿ ತೋರಿಸಿದರು. ಉಳಿದ ಗೋಡೆಗಳಲ್ಲಿ ಅವರಿಗೆ ಗಾರೆ ಕಲಸಿಕೊಟ್ಟು, ಗೋಡೆಗೆ ನೀರು ಚಿಮುಕಿಸಿ, ಬಿಸಿಲು ನೇರವಾಗಿ ಬೀಳದಂತೆ ಗೋಣಿತಟ್ಟು ಕಟ್ಟಿ, ಕೊನೆಗೆ ಸುಣ್ಣ ಬಳಿದವರು ಮನೆಯವರೇ.

ಕೆಲವು ಕೆಲಸಗಳಿಗೆ ಮಾತ್ರ ಮನೆಮಂದಿ ಕೈಹಾಕಲಾಗದು. ಹಳೆಯ ವಿದ್ಯುತ್ ತಂತಿಗಳ ರಬ್ಬರು ಕಾಲಕ್ರಮದಲ್ಲಿ ಬಿರಿದಿರುತ್ತದೆ. ಒದ್ದೆ ಗೋಡೆಯಲ್ಲಿ ಅದು ಪ್ರಾಣಾಪಾಯ. ಅನುಮತಿಪತ್ರವುಳ್ಳ ಕೆಲಸಗಾರರಿಂದ ಹೊಸ ತಂತಿ, ಸರಿಯಾದ ನೆಲಸಂಪರ್ಕ, ಸೋರಿಕೆಯ ಪ್ರವಾಹ ೩೦ ಮಿಲಿಆಂಪಿಯರು ಮುಟ್ಟುವಷ್ಟರಲ್ಲಿ ಸಂಪರ್ಕ ಕಡಿಯುವ ಸಾಧನ - ಇವಿಷ್ಟು ಆಗಲೇಬೇಕು. ಬಾಗಿಲು ಕಿಟಕಿಗಳ ಹಳೆಯ ಎಣ್ಣೆಬಣ್ಣವನ್ನು ಒಣಗಿದ್ದಾಗ ಉಜ್ಜಕೂಡದು. ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು ೨೦೧೭ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳ ಮಿದುಳಿಗೆ ಹಾನಿಮಾಡಬಲ್ಲುದು. ಆದ್ದರಿಂದ ಒದ್ದೆಮಾಡಿ ಉಜ್ಜಬೇಕು. ಆಗ ಮಕ್ಕಳು ಹತ್ತಿರ ಸುಳಿಯಬಾರದು.

ಹಣವನ್ನು ಎಲ್ಲಿ ಮೊದಲು ಹಾಕಬೇಕು?

ನೀರು ಬರುವ ದಾರಿಯನ್ನು ಅನುಸರಿಸಿಯೇ ಹಣವೂ ಹೋಗಬೇಕು. ಮೊದಲು ಮಾಡು. ಎರಡನೆಯದು ಮನೆಯ ಸುತ್ತಿನ ನೆಲ ಮತ್ತು ಚರಂಡಿ. ನೂರು ಚದರ ಮೀಟರಿನಷ್ಟು ನೆಲವನ್ನು ಆವರಿಸಿದ ಮಾಡಿನ ಮೇಲೆ ೫೦ ಮಿಲಿಮೀಟರು ಮಳೆ ಬಿದ್ದರೆ ಸೂರಿನಿಂದ ಇಳಿಯುವ ನೀರು ಐದು ಸಾವಿರ ಲೀಟರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಈ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ನೆಲವನ್ನು ಹೊರಕ್ಕೆ ಇಳಿಜಾರಾಗಿಸಿ, ಚರಂಡಿಯನ್ನು ತೆರವಾಗಿಟ್ಟರೆ ಗೋಡೆಗೆ ಏರುವ ತೇವದ ಬಹುಪಾಲು ಅಲ್ಲಿಯೇ ನಿಲ್ಲುತ್ತದೆ. ಗುದ್ದಲಿ ಹಿಡಿಯುವ ನಾಲ್ಕು ಕೈಗಳಿದ್ದರೆ ಇದಕ್ಕೆ ಖರ್ಚು ಅತ್ಯಲ್ಪ. ಮೂರನೆಯದು ಕೊಳೆತ ಮರ ಮತ್ತು ವಿದ್ಯುತ್ತು. ಆಮೇಲೆ ಗೋಡೆ ಒಣಗಲು ಕಾಲ ಕೊಟ್ಟು ಗಿಲಾವು. ಎಲ್ಲಕ್ಕೂ ಕೊನೆಗೆ ಬಣ್ಣ. ಹಲವರು ಬಣ್ಣದಿಂದ ಆರಂಭಿಸಿ ಮಾಡಿಗೆ ಬರುವಷ್ಟರಲ್ಲಿ ಬರಿಗೈಯಾಗಿರುತ್ತಾರೆ. ಇದಲ್ಲದೆ ಒಟ್ಟು ಹಣದ ಐದನೆಯ ಒಂದು ಪಾಲನ್ನು ಮುಟ್ಟದೆ ತೆಗೆದಿಡುವುದು ವಿವೇಕ. ಹಳೆಯ ಗೋಡೆಯ ಒಳಗೆ ಏನಿದೆಯೆಂಬುದು ಬಿಚ್ಚಿದ ಮೇಲೆಯೇ ತಿಳಿಯುವುದು.

ಹಳೆಯ ಮನೆಯನ್ನು ಉಳಿಸಿಕೊಂಡುದಕ್ಕೆ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಬಲ್ಲ ನಿದರ್ಶನವಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರು ಬಾಲ್ಯವನ್ನು ಕಳೆದ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಸುಸ್ಥಿತಿಗೆ ತಂದು ‘ಕವಿಮನೆ’ಯೆಂಬ ವಸ್ತುಸಂಗ್ರಹಾಲಯವನ್ನಾಗಿ ಮಾಡಿದೆ. ಶಿವಮೊಗ್ಗೆಯಲ್ಲಿಯೇ ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಕಟ್ಟಡದ ಕೆತ್ತನೆಯ ಮರದ ಕಂಬಗಳನ್ನು ಇಂದಿಗೂ ನೋಡಬಹುದು. ವಿದ್ಯಾರ್ಥಿಗಳು ಇಂಥ ಕಡೆಗಳಿಗೆ ಹೋದಾಗ ಮಾಡಿನ ಇಳಿಜಾರು, ಸೂರಿನ ಚಾಚು, ಕಂಬದ ಬುಡ, ಗೋಡೆಯ ದಪ್ಪ ಇವನ್ನು ಅಳೆದು ಬರೆದುಕೊಳ್ಳಲಿ. ಒಂದೊಂದರ ಹಿಂದೆಯೂ ನೀರನ್ನು ದೂರವಿಡುವ ಒಂದು ಉಪಾಯವಿರುತ್ತದೆ.

ಕವಿಯ ಮನೆಗೆ ಪ್ರತಿಷ್ಠಾನವಿದೆ, ಅರಮನೆಗೆ ಸರ್ಕಾರವಿದೆ. ಸಾಮಾನ್ಯರ ಮನೆಗೆ ಅದರಲ್ಲಿ ವಾಸಿಸುವವರೇ ದಿಕ್ಕು. ಓದುಗರ ಮನೆಯೂ ಹಳೆಯದಾಗಿದ್ದರೆ, ಮುಂದಿನ ಜೋರುಮಳೆಯ ದಿನ ಕೊಡೆ ಹಿಡಿದು ಮನೆಯ ಸುತ್ತ ಒಮ್ಮೆ ನಡೆದುಬರಲಿ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಗೋಡೆಯನ್ನು ಮುಟ್ಟುತ್ತದೆ ಎಂಬುದನ್ನು ಒಂದು ಕಾಗದದಲ್ಲಿ ಗುರುತು ಮಾಡಿಕೊಳ್ಳಲಿ. ಮುಂದಿನ ಬೇಸಗೆಯ ಕೆಲಸದ ಪಟ್ಟಿಯ ಬಹುಭಾಗ ಆ ಕಾಗದದಲ್ಲಿಯೇ ದೊರೆಯುತ್ತದೆ.